ನಮ್ಮ ಹಳೇ ಕಟ್ಟಡದ ತಾರಸಿ ಮೇಲೆ ಹೊಸ ಮನೆ ಬರುತ್ತದಂತೆ. ಒಪ್ಪಬೇಕಾ, ಬೇಡವಾ?

ಕೊನೇಮಹಡಿ (ಬಾರ್ಸಿಲೋನಾ)

ಎಲ್ಲರಿಗೂ ನಮಸ್ಕಾರ. ಇನ್ನು ಮೂರು ವಾರದಲ್ಲಿ ನಮ್ಮ ಕಟ್ಟಡದ ಮಾಲೀಕರ ಸಭೆ ಇದೆ. ಅಲ್ಲಿ ನಾನು ಹೂಂ ಅನ್ನಬೇಕು, ಇಲ್ಲಾ ಬೇಡ ಅನ್ನಬೇಕು. ಯೋಚಿಸಿ ಯೋಚಿಸಿ ಸಾಕಾಗಿದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ನನ್ನ ಊರು ಶಿವಮೊಗ್ಗ. ಬಾರ್ಸಿಲೋನಾಕ್ಕೆ ಬಂದು ಹನ್ನೊಂದು ವರ್ಷ ಆಯಿತು. ಎಷಾಂಪ್ಲ ಅನ್ನುವ ಬಡಾವಣೆಯಲ್ಲಿ ಸಾಲ ಮಾಡಿ ಒಂದು ಹಳೇ ಮನೆ ಕೊಂಡಿದ್ದೇವೆ. 1859ರಲ್ಲಿ ಇಲ್ದೆಫೋನ್ಸ್ ಸೆರ್ದಾ ಎಂಬ ಎಂಜಿನಿಯರ್ ಹಾಕಿದ ನಕ್ಷೆಯಂತೆ ಬೆಳೆದ ಜಾಗ ಇದು. ಮೇಲಿನಿಂದ ನೋಡಿದರೆ ಚೌಕಾಬಾರದ ಮನೆಗಳ ಹಾಗೆ ಕಾಣುತ್ತದೆ. ಒಂದೊಂದು ಚೌಕವೂ ಸುಮಾರು 113 ಮೀಟರ್, ನಾಲ್ಕೂ ಮೂಲೆ ಓರೆಯಾಗಿ ಕತ್ತರಿಸಿದ್ದು. ಬೀದಿಗಳು 20 ಮೀಟರ್ ಅಗಲ.

ನಮ್ಮ ಕಟ್ಟಡಕ್ಕೆ ನೂರು ವರ್ಷ ದಾಟಿದೆ. ಕೆಳಗೆ ಒಂದು ಕಾಲಕ್ಕೆ ಬಟ್ಟೆ ಗೋದಾಮು ಇತ್ತಂತೆ, ಈಗ ಸೈಕಲ್ ರಿಪೇರಿ ಅಂಗಡಿ. ಅದರ ಮೇಲಿನದಕ್ಕೆ 'ಪ್ರಿನ್ಸಿಪಾಲ್' ಅನ್ನುತ್ತಾರೆ. ಆಗಿನ ಮಾಲೀಕರು ಇರುತ್ತಿದ್ದ ಮಹಡಿ ಅದು. ಒಂದನೇ ಮಹಡಿ ಅಂತ ಎಣಿಸುವುದು ಅದಾದ ಮೇಲೆ. ಹಾಗಾಗಿ ನಾವಿರುವ 'ಮೂರನೇ ಮಹಡಿ' ನಿಜವಾಗಿ ನಾಲ್ಕನೆಯದು. ಲಿಫ್ಟ್ ಇಲ್ಲ. 96 ಮೆಟ್ಟಿಲು.

ಈಗ ಒಂದು ಕಂಪನಿಯವರು ಬಂದಿದ್ದಾರೆ. ಅಕ್ಕಪಕ್ಕದ ಕಟ್ಟಡಗಳು ನಮ್ಮದಕ್ಕಿಂತ ಎತ್ತರ. ಪಾಲಿಕೆಯ ನಿಯಮದಲ್ಲಿ ನಮಗೆ ಇನ್ನೊಂದು ಮಹಡಿಗೆ ಅವಕಾಶ ಉಳಿದಿದೆ. ಅದನ್ನು ತಮಗೆ ಮಾರಿ ಅಂತ ಕೇಳುತ್ತಿದ್ದಾರೆ. ತಾರಸಿ ಮೇಲೆ ಎರಡು ಮನೆ ಬರುತ್ತವೆ. ಉಕ್ಕು, ಮರ, ಗಾಜು ಎಲ್ಲ ಫ್ಯಾಕ್ಟರಿಯಲ್ಲೇ ಜೋಡಿಸಿ, ಭಾಗ ಭಾಗವಾಗಿ ತಂದು, ಕ್ರೇನಿನಲ್ಲಿ ಎತ್ತಿ ಕೂರಿಸುತ್ತಾರೆ. ಬದಲಿಗೆ ನಮಗೆ ಲಿಫ್ಟ್ ಹಾಕಿಸಿಕೊಡುತ್ತಾರೆ. ಮುಂಭಾಗ ರಿಪೇರಿ ಮಾಡುತ್ತಾರೆ, ನೀರಿನ ಪೈಪ್ ಬದಲಿಸುತ್ತಾರೆ.

ಎರಡನೇ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. 84 ವರ್ಷ, ಮಂಡಿನೋವು. ಈ ವರ್ಷ ಅವರು ಬೀದಿಗೆ ಇಳಿದಿದ್ದು ನಾಲ್ಕೇ ಸಲ. ನಾಲ್ಕೂ ಸಲ ಡಾಕ್ಟರ ಹತ್ತಿರ ಹೋಗುವುದಕ್ಕೆ. ಅವರನ್ನು ನೆನೆದರೆ ಇವತ್ತೇ ಸಹಿ ಹಾಕೋಣ ಅನ್ನಿಸುತ್ತದೆ.

ಆದರೆ ತಾರಸಿ ಹೋಗುತ್ತದೆ. ಅಲ್ಲಿ ಬಟ್ಟೆ ಒಗೆಯುವ ಹಳೇ ಕಲ್ಲಿನ ತೊಟ್ಟಿಗಳಿವೆ. ಕಾವಲಿನವರ ಕುಟುಂಬ ಇರುತ್ತಿದ್ದ ಒಂದು ಪುಟ್ಟ ಕೋಣೆ ಇದೆ. ಹಗ್ಗ ಕಟ್ಟಿ ಎಲ್ಲರೂ ಬಟ್ಟೆ ಒಣಗಿಸುತ್ತೇವೆ. ಜುಲೈನಲ್ಲಿ ನಾನು ಅಲ್ಲೇ ಸಂಡಿಗೆ ಇಡುತ್ತೇನೆ. ಮೊದಲ ವರ್ಷ ಇದೇನು ಅಂತ ಕೇಳಿದ ಪಕ್ಕದ ಮನೆಯವರಿಗೆ ಕರಿದು ಕೊಟ್ಟಿದ್ದೆ. ಈಗ ಪಾರಿವಾಳ ಓಡಿಸುವುದು ಅವರೇ.

ಹೇಳಿ, ಏನು ಮಾಡಲಿ?

ಗಾರೆಸುಣ್ಣ (ಮೈಸೂರು)

ನಾನು ಸ್ಟ್ರಕ್ಚರಲ್ ಎಂಜಿನಿಯರ್, ಈಗ ನಿವೃತ್ತ. ತಾರಸಿಯ ಮಾತು ಆಮೇಲೆ ಆಡೋಣ. ಮೊದಲು ಕೆಳಗಿನದು ಹೇಳಿ. ಗೋಡೆ ಎಷ್ಟು ದಪ್ಪ? ಮಹಡಿಗಳಿಗೆ ಮರದ ತೊಲೆಯೋ, ಕಬ್ಬಿಣದ ಗರ್ಡರೋ? ಗೋದಾಮು ಅಂಗಡಿ ಆಗುವಾಗ ಯಾರಾದರೂ ಗೋಡೆ ಒಡೆದಿದ್ದಾರಾ? ಪರೀಕ್ಷೆ ಮಾಡಿದ ಎಂಜಿನಿಯರ್ ಕಂಪನಿಯವರಾ, ನಿಮ್ಮವರಾ?

ಬಾರ್ಸಿಲೋನಾದ ಆ ಕಾಲದ ಮನೆಗಳ ಬಗ್ಗೆ ನಮ್ಮ ವೃತ್ತಿಯವರಿಗೆಲ್ಲ ಒಂದು ಮಾತು ಗೊತ್ತು. ಮುಂಭಾಗದ ಗೋಡೆ ಸುಮಾರು 30 ಸೆಂಟಿಮೀಟರ್ ಇರುತ್ತದೆ, ಒಳಗೆ ಭಾರ ಹೊರುವ ಇಟ್ಟಿಗೆ ಗೋಡೆ ಎಷ್ಟೋ ಕಡೆ ಬರೀ 15. ಮೈಸೂರಿನ ಹಳೇ ಮನೆಗಳಲ್ಲಿ ಒಂದೂವರೆ ಅಡಿ ಗೋಡೆ ನೋಡಿ ಬೆಳೆದವನು ನಾನು. 15 ಸೆಂಟಿಮೀಟರ್ ಗೋಡೆ ಅಷ್ಟು ಮಹಡಿ ಹೊತ್ತು ನೂರು ವರ್ಷ ನಿಂತಿದೆ ಅಂದರೆ ಆ ಮೇಸ್ತ್ರಿಗಳಿಗೆ ಕೈ ಮುಗಿಯಬೇಕು. ಆದರೆ ಇನ್ನಷ್ಟು ಹೊರುವ ಶಕ್ತಿ ಎಷ್ಟು ಉಳಿದಿದೆ ಅನ್ನುವುದನ್ನು ಅಂದಾಜಿನಲ್ಲಿ ಹೇಳಲು ಆಗದು.

ಭಾರದ ಲೆಕ್ಕ ಸುಲಭ. 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಚಾವಣಿ ಚದರ ಮೀಟರಿಗೆ ಸುಮಾರು 375 ಕೆಜಿ ತೂಗುತ್ತದೆ. ಅಷ್ಟೇ ದಪ್ಪದ ಮರದ ಹಲಗೆ ಪ್ಯಾನೆಲ್ ಸುಮಾರು 75 ಕೆಜಿ. ಇದರ ಮೇಲೆ ಜನ, ಸಾಮಾನು ಅಂತ ಮನೆಗಳಿಗೆ 200 ಕೆಜಿ ಹಿಡಿಯುತ್ತೇವೆ. ಆದ್ದರಿಂದಲೇ ಇಂಥ ಹೊಸ ಮನೆಗಳು ಉಕ್ಕು, ಮರದಲ್ಲಿ ಆಗುತ್ತವೆ, ಬರೀ ಚೆಂದಕ್ಕಲ್ಲ. ಹಳೇ ತಾರಸಿಯಲ್ಲಿ ಪದರದ ಮೇಲೆ ಪದರ ಹಾಕಿದ ಇಟ್ಟಿಗೆ, ಗಾರೆ, ಟೈಲ್ಸ್ ಇರುತ್ತದೆ. ಅದನ್ನು ತೆಗೆದರೆ ಅಷ್ಟು ಭಾರ ಇಳಿಯುತ್ತದೆ. ಉಳಿದ ಭಾರ ಗೋಡೆಗಳಿಗೆ ಸಮನಾಗಿ ಹಂಚಿಹೋಗುವಂತೆ ಗೋಡೆ ತಲೆಯ ಮೇಲೆ ಉಕ್ಕಿನ ಗರ್ಡರ್ ಜಾಲ ಹಾಸುತ್ತಾರೆ. ಹಗುರ ಅಂದ ಮೇಲೆ ಗಾಳಿಗೆ ಏಳದ ಹಾಗೆ ಬಿಗಿಯಲೂ ಬೇಕು.

ಸರಿಯಾಗಿ ಮಾಡಿದರೆ ಇದು ಆಗುವ ಕೆಲಸ. ನಾನು ವಿರೋಧಿ ಅಲ್ಲ. ಆ ಅಂಗಡಿಯೊಳಗೆ ಒಮ್ಮೆ ಹೋಗಿ ನೋಡಿಮ್ಮ.

ಮಾಳಿಗೆಮನೆ (ಧಾರವಾಡ)

ಲಿಫ್ಟ್ ಬೇಕಾದರೆ ಎಲ್ಲರೂ ಸೇರಿ ದುಡ್ಡು ಹಾಕಿ ಹಾಕಿಸಿಕೊಳ್ಳಿ. ತಾರಸಿ ಮಾರಬೇಡಿ.

ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಬೇಸಿಗೆ ರಾತ್ರಿ ಇಡೀ ಓಣಿ ಮಾಳಿಗೆ ಮೇಲೆ ಮಲಗುತ್ತಿತ್ತು. ಯಾರ ಮನೆ ಮಗುವಿಗೆ ಜ್ವರ, ಯಾರ ಮನೆಗೆ ಬೀಗರು ಬಂದಿದ್ದಾರೆ, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಒಬ್ಬೊಬ್ಬರೇ ಮೇಲೆ ಕಟ್ಟಿಸಿದರು. ಈಗ ಪಕ್ಕದ ಮನೆಯವರ ಮುಖ ನೋಡಬೇಕಾದರೆ ಮದುವೆ ಮನೆಗೆ ಹೋಗಬೇಕು. ನಿಮ್ಮ ಪಾರಿವಾಳ ಓಡಿಸುವ ನೆರೆಯವರನ್ನು ಕಳೆದುಕೊಳ್ಳಬೇಡಿ.

ಇನ್ನೊಂದು ಮಾತು. ಹಳೇ ಕಟ್ಟಡದ ಮೇಲೆ ಗಾಜಿನ ಪೆಟ್ಟಿಗೆ ಇಡುವುದು ನನ್ನ ಕಣ್ಣಿಗಂತೂ ಹಿಡಿಸುವುದಿಲ್ಲ. ಕಟ್ಟಿದವರು ಎಲ್ಲಿಗೆ ನಿಲ್ಲಿಸಿದರೋ ಅಲ್ಲಿಗೆ ಬಿಡಬೇಕು.

ಕಾಗದದಮನೆ (ಬೆಂಗಳೂರು, ಆರ್ಕಿಟೆಕ್ಚರ್ ನಾಲ್ಕನೇ ವರ್ಷ)

ಮಾಳಿಗೆಮನೆ ಅವರೇ, ನೆರೆಹೊರೆಯ ಮಾತು ಒಪ್ಪುತ್ತೇನೆ. "ಎಲ್ಲಿಗೆ ನಿಲ್ಲಿಸಿದರೋ ಅಲ್ಲಿಗೆ" ಅನ್ನುವುದನ್ನು ಒಪ್ಪಲಾರೆ. ಬಾರ್ಸಿಲೋನಾದ ಒಂದು ಕಟ್ಟಡದ ಕಥೆಯನ್ನೇ ಹೇಳುತ್ತೇನೆ.

ಗೌಡಿ ಎಂಬ ಆರ್ಕಿಟೆಕ್ಟ್ ಕಟ್ಟಿದ ಕಾಸಾ ಮಿಲಾ ನೀವು ಫೋಟೋದಲ್ಲಿ ನೋಡಿರುತ್ತೀರಿ. 1906ರಿಂದ 1912ರ ನಡುವೆ ಕಟ್ಟಿದ್ದು. ಊರಿನ ಜನ ಲಾ ಪೆದ್ರೇರಾ, ಅಂದರೆ ಕಲ್ಲಿನ ಕ್ವಾರಿ ಅನ್ನುತ್ತಾರೆ. ಅದರ ಅಟ್ಟದಲ್ಲಿ ತೆಳ್ಳನೆ ಇಟ್ಟಿಗೆಯ 270 ಕಮಾನುಗಳಿವೆ. ಸರಪಳಿಯ ಎರಡು ತುದಿ ಹಿಡಿದು ಇಳಿಬಿಟ್ಟರೆ ಬರುವ ಆಕಾರವನ್ನು ತಲೆಕೆಳಗು ಮಾಡಿದ ಹಾಗೆ. ಆ ಅಟ್ಟ ಇದ್ದದ್ದು ಬಟ್ಟೆ ಒಗೆದು ಒಣಗಿಸಲು. ಜೊತೆಗೆ ಕೆಳಗಿನ ಮನೆಗಳಿಗೆ ಬಿಸಿಲು ಚಳಿ ತಾಗದ ಹಾಗೆ ಕಾಪಾಡಲು.

1953ರಿಂದ 55ರ ಹೊತ್ತಿಗೆ ಬಾರ್ಬಾ ಕೊರ್ಸಿನಿ ಎಂಬ ಆರ್ಕಿಟೆಕ್ಟ್ ಅದೇ ಅಟ್ಟದಲ್ಲಿ 13 ಬಾಡಿಗೆ ಮನೆ ಮಾಡಿದರು. ಆಗಿನ ಕಾಲಕ್ಕೆ ತೀರಾ ಹೊಸ ಬಗೆಯ ಮನೆಗಳು. ಕಮಾನುಗಳನ್ನು ಮುಚ್ಚಲಿಲ್ಲ. ಅವುಗಳ ಕೆಳಗೇ ಮಲಗುವ ಜಾಗ, ಕೂರುವ ಜಾಗ, ಅರ್ಧ ಮಹಡಿ ಎಲ್ಲ ಬಂತು. ಪೀಠೋಪಕರಣವನ್ನೂ ಅವರೇ ವಿನ್ಯಾಸ ಮಾಡಿದರು. ಹಳೇ ಫೋಟೋ ನೋಡಿದರೆ ನನಗೆ ಅಲ್ಲೇ ಹೋಗಿ ಇರಬೇಕು ಅನ್ನಿಸುತ್ತದೆ.

1984ರಲ್ಲಿ ಕಟ್ಟಡ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆಮೇಲಿನ ಜೀರ್ಣೋದ್ಧಾರದಲ್ಲಿ ಆ 13 ಮನೆಗಳನ್ನೂ ತೆಗೆದುಹಾಕಿದರು. ಅಟ್ಟ ಮತ್ತೆ ಗೌಡಿಯ ಅಟ್ಟ ಆಯಿತು, ಈಗ ಅಲ್ಲಿ ಪ್ರದರ್ಶನ ಇದೆ. ಕಮಾನುಗಳು ಪೂರ್ತಿ ಕಾಣುವುದು ಒಳ್ಳೆಯದೇ. ಆದರೆ ಸುಮಾರು ನಾಲ್ಕು ದಶಕ ಜನ ಬಾಳಿದ ಮನೆಗಳೂ ಆ ಕಟ್ಟಡದ ಚರಿತ್ರೆಯೇ ಅಲ್ವಾ? ಒಂದಾದರೂ ಉಳಿಸಬಹುದಿತ್ತು ಅಂತ ನನಗೆ ಈಗಲೂ ಬೇಜಾರು.

ಕೊನೇಮಹಡಿ (ಬಾರ್ಸಿಲೋನಾ)

ಅಪ್ಪ ಅಮ್ಮ ಬಂದಾಗ ಆ ಅಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಅಮ್ಮ ಕಮಾನುಗಳ ನಡುವೆ ನಿಂತು, "ಇಲ್ಲಿ ಬಟ್ಟೆ ಬೇಗ ಒಣಗುತ್ತಿತ್ತೇನೋ, ಗಾಳಿ ನೋಡು" ಅಂದಿದ್ದರು. ಅಲ್ಲಿ ಮನೆಗಳಿದ್ದವು ಅನ್ನುವುದು ನನಗೆ ಇವತ್ತೇ ಗೊತ್ತಾಗಿದ್ದು.

ಮಾಳಿಗೆಮನೆ ಅವರೇ, ಎಷಾಂಪ್ಲ ಕೂಡ ಕಟ್ಟಿದವರು ನಿಲ್ಲಿಸಿದಲ್ಲಿಗೆ ನಿಂತಿಲ್ಲ. ಸೆರ್ದಾ ಬಯಸಿದ್ದು 16 ಮೀಟರ್ ಎತ್ತರ, ಚೌಕದ ಎರಡೇ ಬದಿಗೆ ಮನೆ, ನಡುವೆ ತೋಟ. ಆಮೇಲೆ ನಾಲ್ಕೂ ಬದಿ ತುಂಬಿತು, ಮೇಲಕ್ಕೂ ಬೆಳೆಯಿತು. ಹೀಗೆ ಏರಿಸಿದ ಮಹಡಿಗಳಿಗೆ ಇಲ್ಲಿ 'ರೆಮುಂತ' ಅನ್ನುವ ಹೆಸರೇ ಇದೆ. ಹೊರಗೆ ನಿಂತು ತಲೆ ಎತ್ತಿದರೆ ಗೊತ್ತಾಗುತ್ತದೆ. ಕೆಳಗೆ ಕೆತ್ತನೆ, ಕಬ್ಬಿಣದ ಹೂಬಳ್ಳಿಯ ಬಾಲ್ಕನಿ. ಮೇಲಿನ ಎರಡು ಮಹಡಿ ಬೋಳು ಗೋಡೆ.

ಇದನ್ನು ಹೇಳಲು ಕಾರಣ ಇದೆ. ನಮ್ಮ ನೆರೆಯವರಲ್ಲಿ ವಯಸ್ಸಾದವರಿಗೆ ರೆಮುಂತ ಅಂದರೆ ಭಯ. 1990ರ ನವೆಂಬರ್‌ನಲ್ಲಿ ಈ ಊರಿನ ತುರೊ ದೆ ಲಾ ಪೇರಾ ಬಡಾವಣೆಯಲ್ಲಿ ಒಂದು ಕಟ್ಟಡದ ಭಾಗ ಕುಸಿದು ಒಬ್ಬ ಮಹಿಳೆ ತೀರಿಕೊಂಡರು. ಅದು 50ರ ದಶಕದ ಹೊಸ ಬಡಾವಣೆ, ರೆಮುಂತ ಅಲ್ಲ. ಆದರೆ ತೊಲೆಗಳಿಗೆ ಬೇಗ ಗಟ್ಟಿಯಾಗುವ ಅಲ್ಯುಮಿನಾ ಸಿಮೆಂಟ್ ಬಳಸಿದ್ದರು. ಶಾಖ, ತೇವಕ್ಕೆ ಅದು ವರ್ಷಗಳು ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತದೆ. ಅದೇ ಕಾಲದ ಎಷ್ಟೋ ರೆಮುಂತಗಳಲ್ಲೂ ಅದೇ ಸಿಮೆಂಟ್ ಇತ್ತು. ಆಮೇಲೆ ಊರಿಡೀ ಪರೀಕ್ಷೆ ಶುರುವಾಯಿತಂತೆ.

ಗಾರೆಸುಣ್ಣ ಸರ್, ನಮ್ಮ ಮಹಡಿಗಳಲ್ಲಿ ಕಬ್ಬಿಣದ ಗರ್ಡರ್, ನಡುವೆ ಇಟ್ಟಿಗೆಯ ಪುಟ್ಟ ಕಮಾನು. ಪರೀಕ್ಷೆ ಮಾಡಿದವರು ಕಂಪನಿಯವರೇ. ತಾರಸಿ, ಮೆಟ್ಟಿಲು ನೋಡಿದ್ದಾರೆ. ಅಂಗಡಿ ಒಳಗೆ ಹೋಗಿಲ್ಲ ಅಂತ ಇವತ್ತು ಗೊತ್ತಾಯಿತು.

ಮಾಸ್‌ನದಿ (ರೋಟರ್‌ಡ್ಯಾಮ್)

ಎಲ್ಲ ಗಾಜಿನ ಪೆಟ್ಟಿಗೆ ಅಂದುಕೊಳ್ಳಬೇಡಿ. ನಮ್ಮ ಊರಿನಲ್ಲಿ ಎಂವಿಆರ್‌ಡಿವಿ ಎಂಬ ಆರ್ಕಿಟೆಕ್ಟರ ತಂಡ 2006ರ ಹೊತ್ತಿಗೆ ಒಂದು ಹಳೇ ಕಟ್ಟಡದ ಮೇಲೆ ಮನೆ ಮಾಡಿದೆ. ಡಿಡೆನ್ ವಿಲೇಜ್ ಅಂತ ಹೆಸರು. ಕೆಳಗೆ ಆ ಕುಟುಂಬದ ಹಳೇ ಮನೆ ಮತ್ತು ಕೆಲಸದ ಜಾಗ. ಮಲಗುವ ಕೋಣೆಗಳು ಸಾಲದಾದಾಗ ತಾರಸಿ ಮೇಲೆ ಒಂದೊಂದು ಕೋಣೆಯನ್ನೂ ಒಂದೊಂದು ಪುಟ್ಟ ಮನೆಯ ಹಾಗೆ ಕಟ್ಟಿದರು. ಮಕ್ಕಳು ಬಿಡಿಸುವ ಚಿತ್ರದ ಮನೆಯ ಹಾಗೆ ಇಳಿಜಾರು ಚಾವಣಿ. ನಡುವೆ ಓಣಿ, ಅಂಗಳ, ಮರ, ಬೆಂಚು, ಬಯಲಲ್ಲೇ ಸ್ನಾನಕ್ಕೆ ಷವರ್. ಸುತ್ತ ಎದೆಯೆತ್ತರದ ಗೋಡೆ, ಅದಕ್ಕೂ ಕಿಟಕಿಗಳು. ಎಲ್ಲದಕ್ಕೂ ಒಂದೇ ಆಕಾಶ ನೀಲಿ ಬಣ್ಣದ ಪಾಲಿಯುರೆಥೇನ್ ಲೇಪ. ನೀರೂ ಇಳಿಯುವುದಿಲ್ಲ, ದೂರದಿಂದ ಕಣ್ಣಿಗೂ ಬೀಳುತ್ತದೆ.

ನನಗೆ ಅದರಲ್ಲಿ ಇಷ್ಟವಾಗುವುದು ಆ ಓಣಿ. ಕಟ್ಟಿದ ಜಾಗಕ್ಕಿಂತ ಬಿಟ್ಟ ಜಾಗ ಜಾಸ್ತಿ. ನಿಮ್ಮ ಕಂಪನಿಯ ನಕ್ಷೆಯಲ್ಲಿ ಬಿಟ್ಟ ಜಾಗ ಎಷ್ಟು? ಅದು ಯಾರದ್ದು? ಅದನ್ನು ಕೇಳಿ.

1940ರ ಮೇ 14ರ ಬಾಂಬ್ ದಾಳಿಯಲ್ಲಿ ಈ ಊರಿನ ನಡುಭಾಗ ಬಹುತೇಕ ಸುಟ್ಟುಹೋಗಿತ್ತು. ಹಾಗಾಗಿ ಉಳಿದ ಹಳೇ ಕಟ್ಟಡಗಳ ಮೇಲೆ ಜನಕ್ಕೆ ತುಂಬಾ ಪ್ರೀತಿ. ಆದರೂ ತಾರಸಿಗಳನ್ನು ಸುಮ್ನೆ ಬಿಡಬಾರದು ಅನ್ನುವವರೂ ಇಲ್ಲೇ ಜಾಸ್ತಿ. 2022ರಲ್ಲಿ ಒಂದು ತಿಂಗಳು ಕಟ್ಟಡದಿಂದ ಕಟ್ಟಡಕ್ಕೆ ಕಿತ್ತಳೆ ಬಣ್ಣದ ಸೇತುವೆ ಹಾಕಿ ತಾರಸಿಗಳ ಮೇಲೆ ನಡೆಯಲು ಬಿಟ್ಟಿದ್ದರು. ಮಗಳ ಜೊತೆ ಹೋಗಿದ್ದೆ. ಸುಮಾರು 30 ಮೀಟರ್ ಮೇಲೆ ನಿಂತು ನೋಡಿದರೆ ಊರಿನ ಅರ್ಧ ಭಾಗ ಖಾಲಿ ಬಿದ್ದಿದೆ ಅನ್ನಿಸಿತು.

ಒಂಟಿರೂಮು (ಬೆಂಗಳೂರು)

ಕಾವಲಿನವರ ಕೋಣೆ ಅಂದಿರಲ್ಲ, ಅದು ಓದಿ ಬರೆಯಬೇಕು ಅನ್ನಿಸಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಲ್ಲೇಶ್ವರದಲ್ಲಿ ಒಂದು ತಾರಸಿ ರೂಮಿನಲ್ಲಿ ಆರು ವರ್ಷ ಇದ್ದೆ. ಶೀಟ್ ಚಾವಣಿ, ಪಕ್ಕದಲ್ಲೇ ಸಿಂಟೆಕ್ಸ್ ಟ್ಯಾಂಕ್. ಏಪ್ರಿಲ್‌ನಲ್ಲಿ ರಾತ್ರಿ ಹತ್ತಕ್ಕೂ ಗೋಡೆ ಬಿಸಿ. ಅಗ್ಗ ಅಂತಲೇ ಅಲ್ಲಿದ್ದೆ. ಈಗ ಅದೇ ಬೀದಿಯಲ್ಲಿ ಅದೇ ಎತ್ತರದ ಮನೆಗೆ ಪೆಂಟ್‌ಹೌಸ್ ಅಂತ ಹೆಸರು, ಬಾಡಿಗೆ ಎಲ್ಲಕ್ಕಿಂತ ಜಾಸ್ತಿ. ಯಾವಾಗ ಹೀಗಾಯಿತು?

ಕಾಗದದಮನೆ (ಬೆಂಗಳೂರು)

ಲಿಫ್ಟ್ ಬಂದಾಗ! ಎಲ್ಲ ಊರಿನಲ್ಲೂ ಇದೇ ಕಥೆ. ಪ್ಯಾರಿಸ್ಸಿನಲ್ಲಿ ಚಾವಣಿಯ ಕೆಳಗಿನ ಇಕ್ಕಟ್ಟು ಕೋಣೆಗಳು ಮನೆಗೆಲಸದವರಿಗೆ. ಬಾರ್ಸಿಲೋನಾದಲ್ಲಿ ಮಾಲೀಕರು ಪ್ರಿನ್ಸಿಪಾಲ್‌ನಲ್ಲಿ, ಕಾವಲಿನವರು ತಾರಸಿಯಲ್ಲಿ. ಮೆಟ್ಟಿಲು ಹತ್ತುವ ಕಷ್ಟ ಬಡವರಿಗೆ. ಲಿಫ್ಟ್ ಬಂದ ಮೇಲೆ ಗಾಳಿ, ಬೆಳಕು, ದೂರದ ನೋಟಕ್ಕೆ ಬೆಲೆ ಬಂತು.

ಪ್ಯಾರಿಸ್ಸಿನ ಷಾಂಜೆಲಿಜೆ ಬೀದಿಯಲ್ಲಿ ಲ ಕಾರ್ಬೂಸಿಯೆ ಎಂಬ ಆರ್ಕಿಟೆಕ್ಟ್ 1929ರಿಂದ 31ರ ನಡುವೆ ಒಂದು ಹಳೇ ಕಟ್ಟಡದ ತಲೆಯ ಮೇಲೆ ಮನೆ ಮಾಡಿದ್ದರು. ಹೌದು, ಆಮೇಲೆ ಚಂಡೀಗಢ ಮಾಡಿದವರೇ. ಶಾರ್ಲ್ ದ ಬೇಸ್ತೆಗಿ ಎಂಬ ಭಾರೀ ಶ್ರೀಮಂತರಿಗಾಗಿ. ತಾರಸಿಯಲ್ಲಿ ಹಸಿರು ಬೇಲಿ. ಗುಂಡಿ ಒತ್ತಿದರೆ ಅದು ಸರಿದು ಊರು ಕಾಣುತ್ತಿತ್ತು. ಮೇಲಿನ ಬಯಲು ಕೋಣೆಗೆ ಹುಲ್ಲಿನ ನೆಲ, ಚಾವಣಿ ಇಲ್ಲ, ಗೋಡೆಗೆ ಬೆಂಕಿಗೂಡು. ಗೋಡೆ ಎತ್ತರವಾಗಿದ್ದರಿಂದ ಬೀದಿಯ ಕೊನೆಯ ವಿಜಯ ಕಮಾನಿನ (ಆರ್ಕ್ ದ ಟ್ರಿಯೋಂಫ್) ತುದಿ ಮಾತ್ರ ಇಣುಕುತ್ತಿತ್ತು. ಈಗ ಅದು ಉಳಿದಿಲ್ಲ. ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಕೆಳಗಿನ ಮಹಡಿಗಳ ಜನಕ್ಕೆ ಆ ಮನೆಯಿಂದ ಏನು ಬಂತು ಅಂತ ಹುಡುಕಿದರೆ ಒಂದು ಸಾಲೂ ಸಿಗುವುದಿಲ್ಲ.

ಅದಕ್ಕೇ ಕೊನೇಮಹಡಿ ಅಕ್ಕನ ಪ್ರಶ್ನೆ ನನಗೆ ದೊಡ್ಡದು ಅನ್ನಿಸಿದ್ದು. ಇಲ್ಲಿ ಮೇಲಿನ ಮನೆಯ ದುಡ್ಡಿನಿಂದ ಕೆಳಗಿನ ಅಜ್ಜಿಗೆ ಲಿಫ್ಟ್ ಬರುತ್ತದೆ.

ಹಡ್ಸನ್‌ದಂಡೆ (ನ್ಯೂಯಾರ್ಕ್)

ನೋಟದ ಬಗ್ಗೆ ಒಂದು ಮಾತು. ಇಲ್ಲಿ ಸೋಹೊ, ಟ್ರೈಬೆಕಾ ಕಡೆ ಹಳೇ ಗೋದಾಮುಗಳೆಲ್ಲ ಮನೆಗಳಾಗಿವೆ. ಫ್ಯಾಕ್ಟರಿಗಳು ಖಾಲಿಯಾದಾಗ ಮೊದಲು ಬಂದವರು ಕಲಾವಿದರು. ಸೋಹೊದಲ್ಲಿ ಅವರ ವಾಸಕ್ಕೆ 1971ರಲ್ಲಿ ಕಾನೂನಿನ ಒಪ್ಪಿಗೆ ಸಿಕ್ಕಿತು. 1973ರಲ್ಲಿ ಆ ಪ್ರದೇಶವನ್ನು ಪಾರಂಪರಿಕ ಅಂತ ಘೋಷಿಸಿದರು. ಶ್ರೀಮಂತರ ತಾರಸಿ ಮನೆಗಳು ಬಂದದ್ದು ಅದಾದ ಮೇಲೆ.

ಪಾರಂಪರಿಕ ಕಟ್ಟಡದ ಮೇಲೆ ಏನಾದರೂ ಕಟ್ಟಬೇಕಾದರೆ 1965ರಲ್ಲಿ ಹುಟ್ಟಿದ ಲ್ಯಾಂಡ್‌ಮಾರ್ಕ್ಸ್ ಆಯೋಗದ ಒಪ್ಪಿಗೆ ಬೇಕು. ನಕ್ಷೆ ನೋಡಿ ಬಿಡುವುದಿಲ್ಲ. ಹೊಸ ಮನೆ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ತಾರಸಿ ಮೇಲೆ ಕಂಬ ನಿಲ್ಲಿಸಿ, ಬಣ್ಣದ ಬಲೆ ಕಟ್ಟಿಸುತ್ತಾರೆ. ಆಮೇಲೆ ಬೀದಿಯಲ್ಲಿ ಅಲ್ಲಲ್ಲಿ ನಿಂತು ಕಾಣುತ್ತದಾ ಅಂತ ನೋಡುತ್ತಾರೆ. ಲಫಾಯೆಟ್ ಬೀದಿಯ ಪಕ್ ಬಿಲ್ಡಿಂಗ್ 1880ರ ದಶಕದ ಕೆಂಪು ಇಟ್ಟಿಗೆ ಕಟ್ಟಡ, ಹಿಂದೆ ಪತ್ರಿಕೆಯ ಮುದ್ರಣಾಲಯ. ಅದರ ಮೇಲೆ ಪೆಂಟ್‌ಹೌಸ್ ಕೇಳಿದಾಗ ಆಯೋಗ ಒಂದೇ ಸಲಕ್ಕೆ ಒಪ್ಪಲಿಲ್ಲ. ಎತ್ತರ ಇಳಿಸಿ, ಹಿಂದಕ್ಕೆ ಸರಿಸಿ, ನಕ್ಷೆ ಬದಲಿಸಿದ ಮೇಲೆ 2011ರಲ್ಲಿ ಒಪ್ಪಿದರು.

ನೀವೂ ಹಾಗೇ ಮಾಡಿಸಿ. ನಾಲ್ಕು ಬಿದಿರು, ಒಂದು ಹಗ್ಗ ಸಾಕು. ಕಂಪ್ಯೂಟರ್ ಚಿತ್ರದಲ್ಲಿ ಆಕಾಶ ಯಾವಾಗಲೂ ನೀಲಿ ಇರುತ್ತದೆ, ಅದನ್ನು ನಂಬಬೇಡಿ.

ಗಾರೆಸುಣ್ಣ (ಮೈಸೂರು)

ಒಳ್ಳೆಯ ಸಲಹೆ. ನನ್ನದು ಮತ್ತೆ ಕೆಳಗಿನ ಮಾತೇ.

ಹ್ಯಾಂಬರ್ಗ್ ಬಂದರಿನಲ್ಲಿ 60ರ ದಶಕದ ಒಂದು ಇಟ್ಟಿಗೆ ಗೋದಾಮು ಇತ್ತು. ಕೋಕೋ, ಚಹಾ, ತಂಬಾಕು ಇಡುತ್ತಿದ್ದರು. ಅದರ ಹೊರಗೋಡೆ ಉಳಿಸಿಕೊಂಡು ಮೇಲೆ ಗಾಜಿನ ಎಲ್ಬ್‌ಫಿಲ್‌ಹಾರ್ಮನಿ ಕಟ್ಟಿದರು. ಸಂಗೀತ ಸಭಾಂಗಣ, ಹೋಟೆಲ್, ನಲವತ್ತಕ್ಕೂ ಹೆಚ್ಚು ಮನೆಗಳು. 2017ರ ಜನವರಿಯಲ್ಲಿ ಶುರುವಾಯಿತು. ಆ ಗೋದಾಮು ಮೊದಲೇ 1,111 ಕಂಬಗಳ ಪಾಯದ ಮೇಲೆ ನಿಂತಿತ್ತು. ಅಷ್ಟು ಗಟ್ಟಿ ಪಾಯಕ್ಕೂ ಇನ್ನೂ 600ಕ್ಕಿಂತ ಹೆಚ್ಚು ಕಂಬ ಇಳಿಸಬೇಕಾಯಿತು. ಹೊಸ ಗಾಜಿನ ಫೋಟೋ ಎಲ್ಲರೂ ತೆಗೆಯುತ್ತಾರೆ, ಆ ಕಂಬಗಳ ಫೋಟೋ ಯಾರೂ ತೆಗೆಯುವುದಿಲ್ಲ.

ನಮ್ಮ ಊರಿನ ಲ್ಯಾನ್ಸ್‌ಡೌನ್ ಕಟ್ಟಡ 2012ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದು ನಾಲ್ಕು ಜನ ಹೋದರು. ಅದರ ಮೇಲೆ ಯಾರೂ ಹೊಸ ಮಹಡಿ ಕಟ್ಟಿರಲಿಲ್ಲ. ಹಳೇ ಕಟ್ಟಡ, ಮಳೆ ನೀರು, ಆಗದ ರಿಪೇರಿ. ಕುಸಿದ ಮೇಲೆ ಹೋಗಿ ನೋಡಿದ್ದೆ. ಗಾರೆ ಕೈಯಲ್ಲಿ ಹಿಡಿದರೆ ಪುಡಿ. ಹಾಗಾಗಿ ಮಾಳಿಗೆಮನೆ ಅವರ ಹಾಗೆ "ಮುಟ್ಟದೆ ಬಿಡಿ" ಅನ್ನಲು ನನಗೆ ಧೈರ್ಯ ಬರುವುದಿಲ್ಲ. ಮುಟ್ಟದೆ ಬಿಟ್ಟರೂ ಕಟ್ಟಡ ಸಾಯುತ್ತದೆ. ರಿಪೇರಿಗೆ ದುಡ್ಡು ತರುವ ದಾರಿ ಇದಾದರೆ ಆಗಲಿ. ಆದರೆ ಆ ದುಡ್ಡು ಮೊದಲು ಕೆಳಗೆ ಖರ್ಚಾಗಬೇಕು.

ಮಾಳಿಗೆಮನೆ (ಧಾರವಾಡ)

ಸರ್, ಲ್ಯಾನ್ಸ್‌ಡೌನ್ ಮಾತು ಮನಸ್ಸಿಗೆ ನಾಟಿತು. ಕಟ್ಟಡದ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ತಾರಸಿ ಮಾರಬಾರದು ಅನ್ನುವುದನ್ನು ಬಿಡುವುದಿಲ್ಲ. ಸ್ವಲ್ಪವಾದರೂ ಎಲ್ಲರಿಗೂ ಉಳಿಯಲಿ.

ಕೊನೇಮಹಡಿ (ಬಾರ್ಸಿಲೋನಾ)

ಸಭೆ ನಿನ್ನೆ ಆಯಿತು. ಎಲ್ಲರೂ ಕಾಯುತ್ತಿರುತ್ತೀರಿ ಅಂತ ಬೆಳಿಗ್ಗೆಯೇ ಬರೆಯುತ್ತಿದ್ದೇನೆ.

ಗಾರೆಸುಣ್ಣ ಸರ್, ನೀವು ಕೇಳಿದ್ದೇ ನಿಜ. ನಾವೇ ದುಡ್ಡು ಹಾಕಿ ಬೇರೆ ಎಂಜಿನಿಯರ್ ಕರೆಸಿದೆವು. ಅಂಗಡಿಯ ಫಾಲ್ಸ್ ಸೀಲಿಂಗ್ ಬಿಚ್ಚಿಸಿ, ಗೋಡೆಯಲ್ಲಿ ಎರಡು ಕಡೆ ತೂತು ಮಾಡಿ ನೋಡಿದರು. ಭಾರ ಹೊರುವ ಗೋಡೆಯಲ್ಲಿ ನಾಲ್ಕು ಮೀಟರ್ ಯಾವಾಗಲೋ ಒಡೆದುಹಾಕಿದ್ದಾರೆ. ಬದಲಿಗೆ ಒಂದು ಉಕ್ಕಿನ ಗರ್ಡರ್ ಇದೆ. ಅದರ ಒಂದು ತುದಿ ಕೂತಿರುವ ಇಟ್ಟಿಗೆ ಕಂಬದಲ್ಲಿ ಸೀಳು ಬಿಟ್ಟಿದೆ. ಅದರ ನೇರ ಮೇಲೆ ಅಜ್ಜಿಯ ಅಡುಗೆಮನೆ, ಅದರ ಮೇಲೆ ನಮ್ಮದು.

ಸಭೆಯನ್ನು ಅಜ್ಜಿಯ ಮನೆ ಮುಂದಿನ ಮೆಟ್ಟಿಲುಗಳ ಮೇಲೆ ಮಾಡಿದೆವು, ಅವರೂ ಬರಲಿ ಅಂತ. ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಕಂಪನಿಗೆ ನಾಲ್ಕು ಷರತ್ತು ಬರೆದೆವು. ಮೊದಲು ಅಂಗಡಿಯ ಗರ್ಡರ್, ಕಂಬ ಸರಿಯಾಗಬೇಕು, ಆಮೇಲೆ ತಾರಸಿಗೆ ಕೈ. ಪರೀಕ್ಷೆ ಮಾಡುವ ಎಂಜಿನಿಯರ್ ನಮ್ಮವರು. ಎರಡು ಮನೆಯ ಬದಲು ಒಂದೇ ಮನೆ, ಬೀದಿಯ ಅಂಚಿನಿಂದ ಹಿಂದಕ್ಕೆ. ಉಳಿದ ತಾರಸಿ, ಕಲ್ಲಿನ ತೊಟ್ಟಿ ಸಮೇತ, ಎಲ್ಲರದ್ದು.

ನಾನು ಹೂಂ ಅಂದೆ. ಭಯ ಪೂರ್ತಿ ಹೋಗಿಲ್ಲ. ಕಂಪನಿಯವರು ಒಂದು ಮನೆಗೆ ಒಪ್ಪುತ್ತಾರೋ ಇಲ್ಲವೋ, ಹದಿನೈದು ದಿನದಲ್ಲಿ ತಿಳಿಸುತ್ತಾರಂತೆ. ಒಪ್ಪದಿದ್ದರೂ ಗರ್ಡರ್ ಕೆಲಸ ನಾವೇ ಶುರು ಮಾಡುತ್ತೇವೆ, ಸಾಲ ಆದರೂ ಸರಿ.

ಕೊನೆಗೆ ಎಲ್ಲರೂ ಏಳುವಾಗ ಅಜ್ಜಿ ಒಂದು ಮಾತು ಕೇಳಿದರು. ಲಿಫ್ಟ್ ಮೂರನೇ ಮಹಡಿಗೆ ನಿಲ್ಲುತ್ತದೋ, ತಾರಸಿವರೆಗೂ ಬರುತ್ತದೋ ಅಂತ. ಅವರು ತಾರಸಿಗೆ ಹತ್ತಿ ಆರು ವರ್ಷ ಆಗಿದೆ. ನಕ್ಷೆಯಲ್ಲಿ ನೋಡಿದರೆ ಲಿಫ್ಟ್ ತಾರಸಿಯಲ್ಲಿ ಹೊಸ ಮನೆಯ ಒಳಗೆ ಮಾತ್ರ ತೆರೆಯುತ್ತಿತ್ತು. ನಾವ್ಯಾರೂ ಗಮನಿಸಿರಲಿಲ್ಲ. ಐದನೇ ಷರತ್ತು ಅಲ್ಲೇ ಬರೆದೆವು.

ಗಾರೆಸುಣ್ಣ (ಮೈಸೂರು)

ತುಂಬಾ ಒಳ್ಳೆಯದಾಯಿತಮ್ಮ. ಕಂಬದ ಸೀಳಿನ ಫೋಟೋ ಹಾಕಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಕೆಲಸ ಶುರುವಾಗುವವರೆಗೆ ಆ ಗರ್ಡರ್ ಕೆಳಗೆ ಆಸರೆ ಜಾಕ್ ನಿಲ್ಲಿಸಿದ್ದಾರಾ?

ಕೊನೇಮಹಡಿ (ಬಾರ್ಸಿಲೋನಾ)

ಇನ್ನೂ ಇಲ್ಲ ಸರ್. ಈಗಲೇ ಎಂಜಿನಿಯರಿಗೆ ಫೋನ್ ಮಾಡುತ್ತೇನೆ.